ನಿರಾಶ್ರಿತರ ಶಿಬಿರದಲ್ಲಿ ಟ್ರಾನ್ಸ್‌ಜೆಂಡರ್ ಜನರ ಪಾಡು ಏಕೆ ಬೇರೆ?

ಪ್ರಶ್ನೆ: ಮುಂಬಯಿಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತಳಾದವಳು ನಾನು. ಉಲ್ಹಾಸನಗರದ ಕ್ಯಾಂಪ್ ನಂಬರ್ 4ರಲ್ಲಿ ನಮ್ಮ ಮನೆ. ನಿರಾಶ್ರಿತರ ಬದುಕು ಎಂದರೇನು ಎಂಬುದನ್ನು ನೆರೆಮನೆಯ ಸಿಂಧಿ ಅಜ್ಜಿಯ ಬಾಯಿಂದ ಕೇಳಿ ಬಲ್ಲೆ. ಈಚೆಗೆ ಕೀನ್ಯಾ ದೇಶದ ಕಾಕುಮಾ ಶಿಬಿರದಲ್ಲಿರುವ ಟ್ರಾನ್ಸ್‌ಜೆಂಡರ್ ನಿರಾಶ್ರಿತರ ಮೇಲೆ ಅಲ್ಲಿಯ ಇತರ ನಿರಾಶ್ರಿತರೇ ಹಲ್ಲೆ ಮಾಡುತ್ತಾರೆಂದು ಓದಿ ಮನಸ್ಸಿಗೆ ಕಸಿವಿಸಿಯಾಯಿತು. ಶಿಬಿರದಲ್ಲಿ ಎಲ್ಲರೂ ಎಲ್ಲವನ್ನೂ ಕಳೆದುಕೊಂಡು ಬಂದವರೇ ಅಲ್ಲವೆ? ಇವರ ಕಷ್ಟ ಮಾತ್ರ ಬೇರೆ ಹೇಗಾಗುತ್ತದೆ? ಇವರಿಗಾಗಿಯೇ ಪ್ರತ್ಯೇಕ ಶಿಬಿರ ಮಾಡಿದರೆ ಸಮಸ್ಯೆ ತೀರುವುದಿಲ್ಲವೆ? ನಮ್ಮ ಕನ್ನಡ ಸಂಘದ ಮಹಿಳಾ ವಿಭಾಗದವರು ಒಂದಿಷ್ಟು ಹಣ ಕೂಡಿಸಬೇಕೆಂದಿದ್ದೇವೆ. ನಾವು ಏನು ಮಾಡಬಹುದು, ಏನು ಮಾಡಬಾರದು?

ಉತ್ತರ: ನೀವು ವಾಸವಾಗಿರುವ ಊರನ್ನೇ ಹಿಡಿದು ಉತ್ತರವನ್ನು ಆರಂಭಿಸುತ್ತೇನೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನಿಕರಿಗಾಗಿ ಕಟ್ಟಿದ್ದ ಕಲ್ಯಾಣದ ತಂಗುದಾಣದಲ್ಲಿ, 1947ರ ವಿಭಜನೆಯ ಬಳಿಕ ಸಿಂಧ್ ಪ್ರಾಂತದಿಂದ ಬಂದ ಸುಮಾರು ಒಂದು ಲಕ್ಷ ಜನರನ್ನು ಇರಿಸಲಾಯಿತು. 1949ರಲ್ಲಿ ಅದಕ್ಕೆ ಉಲ್ಹಾಸನಗರವೆಂದು ಹೆಸರಾದರೂ ನಿಮ್ಮ ಅಂಚೆ ವಿಳಾಸದಲ್ಲಿ ಇಂದಿಗೂ ಕ್ಯಾಂಪ್ ನಂಬರ್ ಉಳಿದಿದೆ. ನಿಮ್ಮ ಸಿಂಧಿ ಅಜ್ಜಿ ಹೇಳಿದ ಬ್ಯಾರಕ್ಕಿನ ಕಷ್ಟ ಸಣ್ಣದಲ್ಲ. ಆದರೆ ಆ ಕುಟುಂಬಗಳಿಗೆ ಎರಡು ಆಸರೆಗಳಿದ್ದವು. ತಾವು ಹೆದರಿ ಬಿಟ್ಟು ಬಂದವರು ಗಡಿಯ ಆಚೆ ಉಳಿದಿದ್ದರು, ಬ್ಯಾರಕ್ಕಿನ ಪಕ್ಕದ ಪಾಲಿನಲ್ಲಿದ್ದವರು ತಮ್ಮವರೇ ಆಗಿದ್ದರು ಎಂಬುದು ಒಂದು. ಅವರು ಈ ದೇಶದ ಪ್ರಜೆಗಳಾಗಿದ್ದರು, ಬೆಳಗಿನ ಲೋಕಲ್ ಹಿಡಿದು ಮುಂಬಯಿಗೆ ಹೋಗಿ ಏನಾದರೂ ಮಾರಿ ಸಂಜೆ ನಾಲ್ಕು ಕಾಸು ತರಲು ಯಾರ ಅಪ್ಪಣೆಯನ್ನೂ ಕೇಳಬೇಕಿರಲಿಲ್ಲ ಎಂಬುದು ಇನ್ನೊಂದು. ಇಂದಿನ ಟ್ರಾನ್ಸ್‌ಜೆಂಡರ್ ನಿರಾಶ್ರಿತರಿಗೆ ಈ ಎರಡೂ ಇಲ್ಲ. ಅದರಲ್ಲೂ ಮೊದಲನೆಯದು ಇಲ್ಲದಿರುವುದೇ ಅವರ ಕಷ್ಟವನ್ನು ಉಳಿದವರ ಕಷ್ಟದಿಂದ ಬೇರೆ ಮಾಡುತ್ತದೆ. ಅವರು ಯಾರಿಗೆ ಹೆದರಿ ಊರು ಬಿಟ್ಟರೋ ಅವರ ಬಂಧುಗಳು, ಊರಿನವರು, ಅದೇ ನಂಬಿಕೆಯ ಜನರು ಶಿಬಿರದಲ್ಲಿ ಪಕ್ಕದ ಗುಡಿಸಲಿನಲ್ಲಿರುತ್ತಾರೆ.

ಕಾಕುಮಾದ ಸಂಗತಿಯನ್ನೇ ನೋಡಿ. ಕೀನ್ಯಾದ ವಾಯವ್ಯ ಮೂಲೆಯ ತುರ್ಕಾನಾ ಎಂಬ ಬಿಸಿಲ ಸೀಮೆಯಲ್ಲಿ, ಸೂಡಾನಿನ ಯುದ್ಧದಿಂದ ಓಡಿ ಬಂದವರಿಗಾಗಿ 1992ರಲ್ಲಿ ಈ ಶಿಬಿರ ಆರಂಭವಾಯಿತು. ಪಕ್ಕದ ಕಲೊಬೆಯೈ ವಸತಿಯನ್ನೂ ಸೇರಿಸಿದರೆ ಈಗ ಅಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನರಿದ್ದಾರೆ. ನೆರೆಯ ಉಗಾಂಡಾದಲ್ಲಿ 2014ರಲ್ಲಿ ಸಲಿಂಗ ಸಂಬಂಧದ ವಿರುದ್ಧ ಕಠಿಣ ಕಾಯಿದೆ ಬಂದಾಗಿನಿಂದ ಅಲ್ಲಿಯ ಸಲಿಂಗಿಗಳೂ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳೂ ಕೀನ್ಯಾಕ್ಕೆ ಬರತೊಡಗಿದರು. ಸಂಸತ್ತಿನಲ್ಲಿ ಕೋರಂ, ಅಂದರೆ ಬೇಕಾದಷ್ಟು ಸದಸ್ಯರ ಹಾಜರಿ, ಇರಲಿಲ್ಲವೆಂಬ ಕಾರಣಕ್ಕೆ ಅಲ್ಲಿಯ ನ್ಯಾಯಾಲಯ ಆ ಕಾಯಿದೆಯನ್ನು ಅದೇ ವರ್ಷ ರದ್ದು ಮಾಡಿತಾದರೂ, 2023ರ ಮೇ ತಿಂಗಳಲ್ಲಿ ಅದಕ್ಕಿಂತ ಕ್ರೂರವಾದ, ಕೆಲವು ಪ್ರಕರಣಗಳಲ್ಲಿ ಮರಣದಂಡನೆಗೂ ಅವಕಾಶವಿರುವ ಹೊಸ ಕಾಯಿದೆ ಜಾರಿಗೆ ಬಂದಿತು. ಹೀಗೆ ಓಡಿ ಬಂದವರನ್ನು ನಿರಾಶ್ರಿತರೆಂದು ನೋಂದಾಯಿಸಿಕೊಳ್ಳುವಷ್ಟು ಉದಾರತೆಯನ್ನು ಕೀನ್ಯಾ ತೋರಿದೆ ಎಂಬುದನ್ನು ನ್ಯಾಯವಾಗಿ ಹೇಳಲೇಬೇಕು. ಆದರೆ ಅದೇ ಕೀನ್ಯಾದ ದಂಡ ಸಂಹಿತೆಯ 162ನೆಯ ಕಲಮು ಸಲಿಂಗ ಸಂಬಂಧಕ್ಕೆ ಹದಿನಾಲ್ಕು ವರ್ಷದವರೆಗೆ ಶಿಕ್ಷೆ ವಿಧಿಸುತ್ತದೆ, 2019ರಲ್ಲಿ ಅಲ್ಲಿಯ ಹೈಕೋರ್ಟು ಅದನ್ನು ಎತ್ತಿಯೂ ಹಿಡಿಯಿತು. ನಮ್ಮಲ್ಲಿ 2018ರವರೆಗೆ ನಡೆದ 377ನೆಯ ಕಲಮಿನ ಹಾಗೆಯೇ ಇದೂ ಬ್ರಿಟಿಷರು ಬಿಟ್ಟುಹೋದ ಬಳುವಳಿ. ಅಂದರೆ ರಾತ್ರಿ ಪೆಟ್ಟು ತಿಂದ ಟ್ರಾನ್ಸ್ ಮಹಿಳೆ (ಹುಟ್ಟಿದಾಗ ಗಂಡೆಂದು ಗುರುತಿಸಲ್ಪಟ್ಟು ಹೆಣ್ಣಾಗಿ ಬಾಳುವವಳು) ಬೆಳಿಗ್ಗೆ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಬೇಕಾದರೆ, ತನ್ನನ್ನು ಏಕೆ ಹೊಡೆದರೆಂದು ಹೇಳಬೇಕಾಗುತ್ತದೆ, ಹಾಗೆ ಹೇಳಿದರೆ ತಾನೇ ಆರೋಪಿಯಾಗುವ ಭಯವಿರುತ್ತದೆ. ಆ ಕಲಮಿನಲ್ಲಿ ಟ್ರಾನ್ಸ್‌ಜೆಂಡರ್ ಎಂಬ ಮಾತೇ ಇಲ್ಲ, ನಿಜ. ಆದರೆ ಹೊಡೆಯುವವರೂ ದೂರು ಬರೆದುಕೊಳ್ಳುವವರೂ ಆ ಭೇದವನ್ನು ಎಣಿಸುವುದಿಲ್ಲ.

2021ರ ಮಾರ್ಚ್‌ನಲ್ಲಿ ಅಲ್ಲಿ ನಡೆದ ಬೆಂಕಿ ದಾಳಿಯಲ್ಲಿ ಇಬ್ಬರು ಸುಟ್ಟು ಗಾಯಗೊಂಡರು, ಅವರಲ್ಲೊಬ್ಬರು ಮುಂದಿನ ತಿಂಗಳು ಆಸ್ಪತ್ರೆಯಲ್ಲಿ ತೀರಿಕೊಂಡರು. ಅಮ್ನೆಸ್ಟಿ ಇಂಟರ್‌ನ್ಯಾಷನಲ್ ಸಂಸ್ಥೆಯು ಕೀನ್ಯಾದ ಸಂಘಟನೆಯೊಂದರ ಜೊತೆಗೂಡಿ 2023ರಲ್ಲಿ ಪ್ರಕಟಿಸಿದ ವರದಿಯಲ್ಲಿ ಇಂಥ ದ್ವೇಷದ ಹಲ್ಲೆಗಳು, ಅತ್ಯಾಚಾರಗಳು ಮತ್ತು ದೂರು ಕೊಟ್ಟರೂ ಏನೂ ನಡೆಯದ ಸ್ಥಿತಿ ದಾಖಲಾಗಿವೆ.

ಆದರೆ ಹಲ್ಲೆಯ ಸುದ್ದಿಯಷ್ಟೇ ಪತ್ರಿಕೆಗೆ ಬರುತ್ತದೆ, ದಿನನಿತ್ಯದ ಸಂಗತಿ ಬರುವುದಿಲ್ಲ. ನನ್ನ ಅನುಭವದಲ್ಲಿ ಈ ಜನರನ್ನು ಹೆಚ್ಚು ಸವೆಸುವುದು ಆ ದಿನನಿತ್ಯವೇ. ಶಿಬಿರದ ಆಡಳಿತ ಎರಡು ವಿಷಯಗಳ ಮೇಲೆ ನಿಂತಿರುತ್ತದೆ. ಒಂದು ಕುಟುಂಬದ ಕಾರ್ಡು, ಇನ್ನೊಂದು ಸರದಿಯ ಸಾಲು. ಕಾರ್ಡಿನಲ್ಲಿ ಮನೆಯ ಯಜಮಾನ, ಹೆಂಡತಿ, ಮಕ್ಕಳು ಎಂಬ ಲೆಕ್ಕವಿರುತ್ತದೆ. ಮನೆಯಿಂದ ಹೊರಗೆ ಹಾಕಿಸಿಕೊಂಡು ಒಬ್ಬರೇ ಬಂದವರಿಗೆ ಆ ಲೆಕ್ಕದಲ್ಲಿ ಜಾಗ ಸಿಗುವುದು ಕಷ್ಟ. ತಾವಾಗಿ ಒಂದು ಗುಡಿಸಲಿನಲ್ಲಿ ಕೂಡಿ ಬಾಳುವ ನಾಲ್ಕೈದು ಜನರನ್ನು ಕಾರ್ಡು ಕುಟುಂಬವೆಂದು ಎಣಿಸುವುದೂ ಇಲ್ಲ. ಸಾಲಿನಲ್ಲಿ ಗಂಡಸರದು ಬೇರೆ, ಹೆಂಗಸರದು ಬೇರೆ. ಯಾವ ಸಾಲಿನಲ್ಲಿ ನಿಂತರೂ ಹಿಂದಿನವರು ಒಂದು ಮಾತನ್ನಾಡುತ್ತಾರೆ, ಮುಂದಿನವರು ತಿರುಗಿ ನೋಡುತ್ತಾರೆ, ತಳ್ಳಾಟ ಶುರುವಾದರೆ ಮೊದಲು ಸಾಲಿನಿಂದ ಹೊರಬೀಳುವವರು ಇವರೇ. ಹೆಂಗಸರ ಪರಿಹಾರದ ಕಿಟ್‌ನಲ್ಲಿ ಸಾಮಾನ್ಯವಾಗಿ ಕ್ಷೌರದ ಬ್ಲೇಡು ಇರುವುದಿಲ್ಲ, ಟ್ರಾನ್ಸ್ ಮಹಿಳೆಗೆ ಅಕ್ಕಿಬೇಳೆಯಷ್ಟೇ ಅಗತ್ಯವಾದದ್ದು ಅದು, ಏಕೆಂದರೆ ಎರಡು ದಿನದ ಗಡ್ಡ ಅವಳ ಗುಟ್ಟನ್ನು ಇಡೀ ಬೀದಿಗೆ ಹೇಳಿಬಿಡುತ್ತದೆ. ಹುಟ್ಟಿದಾಗ ಹೆಣ್ಣೆಂದು ಗುರುತಿಸಲ್ಪಟ್ಟು ಗಂಡಾಗಿ ಬಾಳುವ ಟ್ರಾನ್ಸ್ ಪುರುಷನ ಪೇಚು ಇದಕ್ಕೆ ತಿರುವುಮುರುವು. ತಿಂಗಳ ಮುಟ್ಟಿನ ಪ್ಯಾಡ್ ಬೇಕೆಂದರೆ ಹೆಂಗಸರ ಸಾಲಿನಲ್ಲಿ ನಿಲ್ಲಬೇಕು, ನಿಂತರೆ ಅವನು ಯಾರೆಂಬುದು ಎಲ್ಲರಿಗೂ ತಿಳಿಯುತ್ತದೆ. ಆದ್ದರಿಂದ ಅವನು ನಿಲ್ಲುವುದಿಲ್ಲ, ಹಳೆಯ ಬಟ್ಟೆಯಲ್ಲಿ ದಿನ ತಳ್ಳುತ್ತಾನೆ.

ಶೌಚಾಲಯದ ವಿಷಯವನ್ನು ನಾನು ಸಂಕೋಚವಿಲ್ಲದೆ ಬರೆಯುತ್ತೇನೆ, ಮುಂಬಯಿಯ ಚಾಳು ಕಂಡವರಿಗೆ ಅದನ್ನು ವಿವರಿಸಬೇಕಾಗಿಲ್ಲ. ವಿಪತ್ತಿನ ಪರಿಹಾರ ಕಾರ್ಯಕ್ಕೆ ಜಗತ್ತಿನೆಲ್ಲೆಡೆ ಅಳತೆಗೋಲಾಗಿರುವ ಸ್ಫಿಯರ್ ಮಾನದಂಡದ ಪ್ರಕಾರ ಇಪ್ಪತ್ತು ಜನರಿಗೆ ಒಂದು ಶೌಚಾಲಯ, ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, ತಲೆಗೆ ಮೂರೂವರೆ ಚದರ ಮೀಟರ್ ಸೂರು ಇರಬೇಕು. ಎಷ್ಟೋ ಶಿಬಿರಗಳಲ್ಲಿ ಯಾರಿಗೂ ಇಷ್ಟು ದೊರೆಯುವುದಿಲ್ಲ ಎಂಬುದು ಸರಿಯೇ. ಆದರೆ ದೊರೆತ ಕಡೆಯಲ್ಲೂ ಟ್ರಾನ್ಸ್‌ಜೆಂಡರ್ ವ್ಯಕ್ತಿ ಅದನ್ನು ಬಳಸಬಲ್ಲರೆ ಎಂಬುದನ್ನು ಆ ಲೆಕ್ಕ ಹೇಳುವುದಿಲ್ಲ. ಹಗಲು ಹೋದರೆ ಬೈಗುಳ, ಕತ್ತಲಾದ ಮೇಲೆ ಹೋದರೆ ಮೈಮೇಲೆ ಕೈ. ಆದ್ದರಿಂದ ಸಂಜೆಯಾದ ಮೇಲೆ ನೀರು ಕುಡಿಯುವುದನ್ನೇ ನಿಲ್ಲಿಸುವುದು, ನಸುಕಿನಲ್ಲಿ ಯಾರೂ ಏಳುವ ಮೊದಲು ಸ್ನಾನ ಮುಗಿಸುವುದು, ಹೀಗೆ ದಿನವನ್ನೇ ಕತ್ತರಿಸಿ ಬದುಕುತ್ತಾರೆ. ನಲವತ್ತು ಡಿಗ್ರಿ ಬಿಸಿಲಿನ ಊರಿನಲ್ಲಿ ನೀರು ಕಡಿಮೆ ಕುಡಿದು ವರ್ಷಗಟ್ಟಲೆ ಬದುಕುವುದು ದೇಹಕ್ಕೆ ಏನು ಮಾಡುತ್ತದೆಂದು ಯಾವ ವೈದ್ಯರನ್ನು ಕೇಳಿದರೂ ಹೇಳುತ್ತಾರೆ.

ನಾನು ವೃತ್ತಿಯಿಂದ ವಕೀಲೆ, ದಾಖಲೆಗಳ ಕಷ್ಟವೇ ನನ್ನ ಮುಂದೆ ಹೆಚ್ಚಾಗಿ ಬರುವುದು. ಕೆಲವು ವರ್ಷಗಳ ಹಿಂದೆ ದಾದರಿನ ನಮ್ಮ ಕಚೇರಿಗೆ ಆಫ್ರಿಕಾದ ಒಂದು ಶಿಬಿರದಲ್ಲಿ ಕೆಲಕಾಲವಿದ್ದು ಬಂದ ಟ್ರಾನ್ಸ್ ಮಹಿಳೆಯೊಬ್ಬರು ಬಂದಿದ್ದರು. ಪ್ಲಾಸ್ಟಿಕ್ ಹೊದಿಕೆಯೊಳಗಿನ ತಮ್ಮ ಕಾರ್ಡನ್ನು ಮೇಜಿನ ಮೇಲೆ ಇಡುವಾಗ ಹೆಸರಿನ ಮೇಲೆ ಹೆಬ್ಬೆರಳನ್ನು ಒತ್ತಿಕೊಂಡೇ ಇಟ್ಟರು. ನಾನು ನಂಬರನ್ನು ಬರೆದುಕೊಳ್ಳುವಷ್ಟು ಹೊತ್ತೂ ಆ ಬೆರಳು ಅಲ್ಲಿಂದ ಏಳಲಿಲ್ಲ. ಫೋಟೋದಲ್ಲಿ ತಲೆಗೂದಲನ್ನು ಬೋಳಿಸಿದ ಹುಡುಗನೊಬ್ಬನಿದ್ದ. ನಾವು ಕರೆಸಿದ್ದ ದುಭಾಷಿ ಬಂದು ಕುಳಿತು, ಅವರ ಊರಿನ ಕಡೆಯ ನುಡಿಯಲ್ಲೇ ನಮಸ್ಕಾರ ಹೇಳಿದೊಡನೆ ಅವರ ಮಾತು ನಿಂತುಹೋಯಿತು. ತಲೆನೋವೆಂದು ಎದ್ದು ಹೊರಟರು. ಒಂದು ವಾರದ ನಂತರ ಮತ್ತೆ ಬಂದರು. ಬೇರೆ ದೇಶದ, ಹೆಣ್ಣು ದುಭಾಷಿಯೊಬ್ಬರನ್ನು ಫೋನಿನಲ್ಲಿ ಹಿಡಿದ ಮೇಲೆ ಅವರ ಕಥೆ ಹೊರಬಂದಿತು. ಮೊದಲ ದಿನವೇ ನನಗೆ ಹೊಳೆಯಬೇಕಾಗಿತ್ತು, ಹೊಳೆಯಲಿಲ್ಲ. ಶಿಬಿರದ ನೋಂದಣಿ ಮೇಜಿನಲ್ಲಿ ನಡೆಯುವುದೂ ಇದೇ. ದುಭಾಷಿ ಸಾಮಾನ್ಯವಾಗಿ ಅದೇ ಸಮುದಾಯದವರಾಗಿರುತ್ತಾರೆ, ಅವರ ಮುಂದೆ ಬಾಯಿಬಿಟ್ಟರೆ ಸಂಜೆಯೊಳಗೆ ಬ್ಲಾಕಿಗೆಲ್ಲ ಸುದ್ದಿ ಹಬ್ಬುತ್ತದೆ ಎಂಬ ಹೆದರಿಕೆಯಿಂದ ಎಷ್ಟೋ ಜನ ಯುದ್ಧ, ಬಡತನ ಎಂದು ಏನೋ ಒಂದು ಕಾರಣ ಹೇಳಿಬಿಡುತ್ತಾರೆ. ಮುಂದೆ ನಿಜ ಹೇಳಿದಾಗ, ಮೊದಲು ಏಕೆ ಹೇಳಲಿಲ್ಲ, ಈಗ ಕಥೆ ಕಟ್ಟುತ್ತಿದ್ದೀರಿ ಎಂಬ ಮಾತು ಕೇಳಬೇಕಾಗುತ್ತದೆ. ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿಯು 2012ರಲ್ಲಿ ಹೊರಡಿಸಿದ ಒಂಬತ್ತನೆಯ ಮಾರ್ಗಸೂಚಿ, ತಡವಾಗಿ ಹೇಳಿದರೆಂಬ ಒಂದೇ ಕಾರಣಕ್ಕೆ ಇಂಥವರ ಮಾತನ್ನು ತಳ್ಳಿಹಾಕಬಾರದೆಂದು ಹೇಳುತ್ತದೆ. ಕಾಗದದ ಮೇಲೆ ಅದು ಒಳ್ಳೆಯ ಮಾರ್ಗಸೂಚಿ.

ಕಾರ್ಡಿನ ಮೇಲಿನ ಒಂದು ಅಕ್ಷರ ಮನುಷ್ಯರನ್ನು ಹೇಗೆ ಕಟ್ಟಿಹಾಕುತ್ತದೆ ಎಂಬುದಕ್ಕೆ ಇನ್ನೊಂದು ಉದಾಹರಣೆ 2022ರ ಉಕ್ರೇನ್. ಯುದ್ಧ ಶುರುವಾದಾಗ ಹದಿನೆಂಟರಿಂದ ಅರವತ್ತು ವಯಸ್ಸಿನ ಗಂಡಸರು ದೇಶ ಬಿಡುವಂತಿಲ್ಲವೆಂದು ಅಲ್ಲಿಯ ಸರಕಾರ ಆದೇಶಿಸಿತು. ಪಾಸ್‌ಪೋರ್ಟಿನಲ್ಲಿ ಗಂಡೆಂದು ಬರೆದಿದ್ದ ಟ್ರಾನ್ಸ್ ಮಹಿಳೆಯರನ್ನು ಗಡಿಯಿಂದ ಹಿಂದಕ್ಕೆ ಕಳುಹಿಸಿದ ಸುದ್ದಿಗಳು ಆಗ ಬಂದವು.

ಔಷಧಿಯ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಹಾರ್ಮೋನು ತೆಗೆದುಕೊಳ್ಳುತ್ತಿದ್ದವರಿಗೆ ಶಿಬಿರದ ದವಾಖಾನೆಯಲ್ಲಿ ಅದು ಸಿಗುವುದು ಅಪರೂಪ, ಇದ್ದಕ್ಕಿದ್ದಂತೆ ನಿಂತಾಗ ದೇಹವೂ ಮನಸ್ಸೂ ತತ್ತರಿಸುತ್ತವೆ. ಎಚ್‌ಐವಿ ಮಾತ್ರೆ ಸಿಕ್ಕರೂ ಅದನ್ನು ಪಡೆಯಲು ನಿಲ್ಲುವ ಸಾಲೇ ಒಂದು ಗುರುತಾಗಿಬಿಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ ಹನ್ನೊಂದನೆಯ ಆವೃತ್ತಿ 2022ರಲ್ಲಿ ಜಾರಿಗೆ ಬಂದಾಗ ಟ್ರಾನ್ಸ್‌ಜೆಂಡರ್ ಸ್ಥಿತಿಯನ್ನು ಮನೋರೋಗಗಳ ಪಟ್ಟಿಯಿಂದ ಹೊರಗೆ ತೆಗೆದಿತ್ತು. ಆ ಮಾತು ಎಲ್ಲ ದವಾಖಾನೆಗಳನ್ನೂ ಇನ್ನೂ ತಲುಪಿಲ್ಲ.

ಇನ್ನು ಹೊರದಾರಿ. ಕಾಕುಮಾದಲ್ಲಿರುವವರು ಶಿಬಿರ ಬಿಟ್ಟು ನೈರೋಬಿಯಂಥ ಊರಿಗೆ ಹೋಗಲು ಅನುಮತಿ ಪತ್ರ ಬೇಕು. ಒಳಗೆ ದುಡಿಮೆ ಇಲ್ಲ, ಇದ್ದರೂ ಇವರಿಗೆ ಕೊಡುವವರಿಲ್ಲ, ಆದ್ದರಿಂದ ಕೆಲವರಿಗೆ ಮೈ ಮಾರಿಕೊಳ್ಳುವುದೊಂದೇ ಉಳಿಯುತ್ತದೆ. ಮೂರನೆಯ ದೇಶವೊಂದಕ್ಕೆ ಕಳುಹಿಸಿ ನೆಲೆಗೊಳಿಸುವ ವ್ಯವಸ್ಥೆ ಇದೆಯಾದರೂ ಜಗತ್ತಿನ ಒಟ್ಟು ನಿರಾಶ್ರಿತರಲ್ಲಿ ವರ್ಷಕ್ಕೆ ನೂರಕ್ಕೆ ಒಬ್ಬರಿಗಿಂತ ಕಡಿಮೆ ಜನರಿಗೆ ಆ ಅವಕಾಶ ಸಿಗುತ್ತದೆ. ಇವರಿಗೆ ಬೇಗ ವಿಮಾನ ಸಿಗುತ್ತದಂತೆ, ಅದಕ್ಕೇ ವೇಷ ಹಾಕುತ್ತಾರಂತೆ ಎಂಬ ಗುಸುಗುಸು ಶಿಬಿರದಲ್ಲಿ ಹಬ್ಬಿ ಅಸೂಯೆಯೂ ದ್ವೇಷದ ಜೊತೆ ಸೇರಿಕೊಳ್ಳುತ್ತದೆ. 2025ರ ಜನವರಿಯಲ್ಲಿ ಅಮೆರಿಕ ಸರಕಾರ ನಿರಾಶ್ರಿತರ ಪ್ರವೇಶವನ್ನು ತಡೆಹಿಡಿದಾಗ ಅತಿ ದೊಡ್ಡ ಬಾಗಿಲೇ ಮುಚ್ಚಿದಂತಾಯಿತು. ಅದೇ ವರ್ಷ ಹಣದ ಕೊರತೆಯಿಂದ ಕೀನ್ಯಾದ ಶಿಬಿರಗಳ ಪಡಿತರವೂ ಕಡಿತವಾಯಿತು. ಹಸಿವು ಹೆಚ್ಚಿದ ಕಡೆ ಸಿಟ್ಟು ಯಾರ ಮೇಲೆ ಇಳಿಯುತ್ತದೆಂದು ಊಹಿಸುವುದು ಕಷ್ಟವಲ್ಲ.

ಪ್ರತ್ಯೇಕ ಶಿಬಿರ ಮಾಡಿದರಾಗದೆ ಎಂದು ಕೇಳಿದ್ದೀರಿ. ಒಳ್ಳೆಯ ಮನಸ್ಸಿನಿಂದ ಬಂದ ಪ್ರಶ್ನೆ, ಅನೇಕ ಅಧಿಕಾರಿಗಳೂ ಹೀಗೆಯೇ ಯೋಚಿಸುತ್ತಾರೆ. ಆದರೆ ನಾನು ಅದನ್ನು ಒಪ್ಪುವುದಿಲ್ಲ. ಕಾಕುಮಾದಲ್ಲಿ ಇವರು ಒಟ್ಟಾಗಿ ವಾಸಿಸುತ್ತಿದ್ದ ಭಾಗಕ್ಕೆ ಬ್ಲಾಕ್ 13 ಎಂದು ಹೆಸರು. ಒಬ್ಬರಿಗೊಬ್ಬರು ಕಾವಲಾಗಿ, ರಾತ್ರಿ ಸರದಿಯಂತೆ ಎಚ್ಚರವಿರಲು ಅದು ಅನುಕೂಲವಾಗಿತ್ತು. ಆದರೆ ದಾಳಿ ಮಾಡುವವರಿಗೂ ಅದೇ ವಿಳಾಸವಾಯಿತು, ನಾನು ಮೇಲೆ ಹೇಳಿದ 2021ರ ಬೆಂಕಿ ಬಿದ್ದದ್ದು ಅಲ್ಲಿಯೇ. ಇನ್ನೂ ಒಂದು ಸಂಗತಿ ಇದೆ. ಬಾಗಿಲಿಗೆ ಬಂದು ನಿಂತವರು ಇಂಥವರೆಂದು ಬೋರ್ಡು ಹಾಕಿದಂಥ ಶಿಬಿರಕ್ಕೆ, ಇನ್ನೂ ಗುಟ್ಟಾಗಿರುವವರು ಕಾಲಿಡುವುದೇ ಇಲ್ಲ.

ನಮ್ಮ ಮುಂಬಯಿಯ ಹಿಜಡಾ ಜಮಾತ್‌ಗಳನ್ನು, ಅಂದರೆ ಗುರುವಿನ ಆಸರೆಯಲ್ಲಿ ಕೂಡಿ ಬಾಳುವ ಅವರ ಬಳಗಗಳನ್ನು, ನೆನೆದು ನೀವು ಆ ಪ್ರಶ್ನೆ ಕೇಳಿರಬಹುದು. ಉತ್ತರ ಕರ್ನಾಟಕದಿಂದ ಮನೆ ಬಿಟ್ಟು ಬಂದ ಎಷ್ಟೋ ಮಕ್ಕಳಿಗೆ ಈ ಶಹರದಲ್ಲಿ ಗುರುವಿನ ಮನೆಯೇ ತವರಾಯಿತು, ಅಲ್ಲಿ ಕನ್ನಡ ಕಿವಿಗೆ ಬೀಳುವುದೂ ಉಂಟು. ಮನೆಯವರು ಬಿಟ್ಟ ಮಗು ಜೋಗತಿಯಾಗಿ, ಕಲೆಯನ್ನು ಹಿಡಿದು ಬದುಕಿ, ಮುಂದೆ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರೂ ಪದ್ಮಶ್ರೀ ಪುರಸ್ಕೃತರೂ ಆದ ಮಂಜಮ್ಮ ಜೋಗತಿಯವರನ್ನು ನಾವೆಲ್ಲ ಬಲ್ಲೆವು. ಆದರೆ ಗುರುವಿನ ಮನೆಯಿಂದ ಹೊರಗೆ ಹೋಗಿ ಬರಲು ರಸ್ತೆಯಿದೆ, ಲೋಕಲ್ ಇದೆ, ಮದುವೆ, ಮಗು ಹುಟ್ಟಿದ ಸಂತಸದಲ್ಲಿ ಹರಸಲು ಬಧಾಯಿಗೆ ಕರೆಯುವ ಮನೆಗಳಿವೆ, ಹೊಂದಿಕೆಯಾಗದಿದ್ದರೆ ಇನ್ನೊಂದು ಮನೆ ಇದೆ. ಶಿಬಿರದಲ್ಲಿ ಸುರಕ್ಷತೆಗೆಂದು ಬೇಲಿ ಹಾಕಿ ಕೂಡಿಟ್ಟವರಿಗೆ ಇವು ಯಾವುವೂ ಇಲ್ಲ. ಆದ್ದರಿಂದ ಬೇಕಾದದ್ದು, ಎಲ್ಲಿ ಯಾರೊಂದಿಗೆ ಇರಬೇಕೆಂಬುದನ್ನು ಅವರವರಿಗೇ ಆರಿಸಿಕೊಳ್ಳಲು ಬಿಡುವುದು, ಶಿಬಿರದಿಂದ ಹೊರಗೆ ಊರಿನಲ್ಲಿ ಬಾಡಿಗೆ ಕೋಣೆ ಹಿಡಿದು ದುಡಿಯಲು ಅನುಮತಿ ಕೊಡುವುದು, ಜೀವಕ್ಕೆ ಅಪಾಯವಿರುವವರ ಅರ್ಜಿಯನ್ನು ವರ್ಷಗಟ್ಟಲೆ ಕಾಯಿಸದೆ ಮೊದಲು ಕೈಗೆತ್ತಿಕೊಳ್ಳುವುದು.

ಇದು ಆಫ್ರಿಕಾದ ಸಂಗತಿ ಮಾತ್ರವಲ್ಲ. 2017ರ ಆಗಸ್ಟ್‌ನಿಂದ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾ ಜನರು ಓಡಿ ಬಂದ ಬಾಂಗ್ಲಾದೇಶದ ಕಾಕ್ಸ್ ಬಜಾರ್ ಶಿಬಿರಗಳಲ್ಲೂ ಹಿಜಡಾ ಸಮುದಾಯದವರಿದ್ದಾರೆ. ಬಾಂಗ್ಲಾ ಸರಕಾರ 2013ರಲ್ಲಿ ಹಿಜಡಾ ಸಮುದಾಯಕ್ಕೆ ಪ್ರತ್ಯೇಕ ಲಿಂಗದ ಮನ್ನಣೆ ಕೊಡಲು ನಿರ್ಧರಿಸಿತು, ಆದರೆ 377ನೆಯ ಕಲಮನ್ನು ಹಾಗೆಯೇ ಉಳಿಸಿಕೊಂಡಿದೆ, ರೋಹಿಂಗ್ಯಾಗಳು ಅಲ್ಲಿಯ ಪ್ರಜೆಗಳೂ ಅಲ್ಲ. ನಮ್ಮ ದೇಶವೂ 1951ರ ನಿರಾಶ್ರಿತರ ಒಡಂಬಡಿಕೆಗೆ ಸಹಿ ಹಾಕಿಲ್ಲ. ಆದರೂ ಸಂವಿಧಾನದ 21ನೆಯ ವಿಧಿಯ ಜೀವರಕ್ಷಣೆ ಪ್ರಜೆಗಳಿಗಷ್ಟೇ ಅಲ್ಲ, ಇಲ್ಲಿರುವ ಪ್ರತಿಯೊಬ್ಬ ವ್ಯಕ್ತಿಗೂ ಸಲ್ಲುತ್ತದೆಂದು 1996ರಲ್ಲಿ ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ತನ್ನ ಲಿಂಗತ್ವವನ್ನು ತಾನೇ ನಿರ್ಧರಿಸಿಕೊಳ್ಳುವ ಹಕ್ಕನ್ನು ಅದೇ ನ್ಯಾಯಾಲಯ 2014ರ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ) ತೀರ್ಪಿನಲ್ಲಿ ಎತ್ತಿಹಿಡಿಯಿತು. ಈ ಎರಡು ತೀರ್ಪುಗಳನ್ನು ಜೊತೆಗಿಟ್ಟು ಓದಬೇಕೆಂಬುದು ನನ್ನಂಥ ವಕೀಲರ ವಾದ.

ಕೊನೆಗೆ ನಿಮ್ಮ ಸಂಘದ ಹಣದ ವಿಷಯ. ವಿದೇಶಕ್ಕೆ ಹಣ ಕಳುಹಿಸುವ ಮೊದಲು ಒಬ್ಬ ಲೆಕ್ಕಪರಿಶೋಧಕರನ್ನು ಕೇಳಿ, ಅದಕ್ಕೆ ನಿಯಮಗಳಿವೆ. ಫೇಸ್‌ಬುಕ್ಕಿನಲ್ಲಿ ಗಾಯದ ಫೋಟೋ ಹಾಕಿ ನೇರವಾಗಿ ಹಣ ಕೇಳುವ ಖಾತೆಗಳಿಗೆ ಪರಿಶೀಲಿಸದೆ ಕೊಡಬೇಡಿ. ಕೆಲವು ನಿಜವಾದವು, ಕೆಲವು ಬೇರೆಯವರ ಫೋಟೋ ಕದ್ದವು. ನಿಜವಾದ ಫೋಟೋವನ್ನೂ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಂಚಬೇಡಿ, ಆ ಮುಖ ಊರಿನಲ್ಲಿರುವ ಅಣ್ಣತಮ್ಮಂದಿರ ಕಣ್ಣಿಗೆ ಬಿದ್ದರೆ ಏನಾಗುತ್ತದೆಂದು ನಮಗೆ ಇಲ್ಲಿ ಕುಳಿತು ತಿಳಿಯುವುದಿಲ್ಲ. ಇಲ್ಲಿಯೇ ಅಂಥ ವ್ಯಕ್ತಿಯೊಬ್ಬರು ನಿಮಗೆ ಎದುರಾದರೆ ದಿಲ್ಲಿಯಲ್ಲಿರುವ ವಿಶ್ವಸಂಸ್ಥೆಯ ಕಚೇರಿಯಲ್ಲಿ ನೋಂದಣಿಯಾಗಿದೆಯೇ ಎಂದು ವಿಚಾರಿಸಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಉಚಿತ ವಕೀಲರ ಬಳಿ ಕರೆದುಕೊಂಡು ಹೋಗಿ, ಅವರು ಹೇಳಿಕೊಂಡ ಹೆಸರಿನಿಂದಲೇ ಕರೆಯಿರಿ, ಕಾರ್ಡಿನ ಹೆಸರನ್ನು ಗಟ್ಟಿಯಾಗಿ ಓದಬೇಡಿ.

ಹಣಕ್ಕಿಂತಲೂ ನಿಮ್ಮ ಕೈಯಲ್ಲೇ ಇರುವ ಒಂದು ಕೆಲಸವಿದೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು, ಉಲ್ಹಾಸ್ ನದಿ ಉಕ್ಕಿದ್ದನ್ನು ನೀವು ಕಣ್ಣಾರೆ ಕಂಡಿರುತ್ತೀರಿ. ಅಂಥ ದಿನ ಮತ್ತೆ ಬಂದರೆ ನಿಮ್ಮ ಸಂಘದ ಸಭಾಗೃಹವೇ ಎರಡು ರಾತ್ರಿಯ ಮಟ್ಟಿಗೆ ಶಿಬಿರವಾಗುತ್ತದೆ, ಸಿಗ್ನಲ್ಲಿನಲ್ಲಿ ನಿಲ್ಲುವ ಹಿಜಡಾ ಹೆಣ್ಣುಮಗಳೂ ನೆನೆದುಕೊಂಡು ಅದೇ ಬಾಗಿಲಿಗೆ ಬರುತ್ತಾಳೆ. ಈಗಲೇ ಹೋಗಿ ಅಲ್ಲಿಯ ಶೌಚಾಲಯಗಳನ್ನು ನೋಡಿ. ಒಂದಕ್ಕಾದರೂ ಗಂಡಸರು, ಹೆಂಗಸರು ಎಂಬ ಬೋರ್ಡು ಇಲ್ಲದಿರಲಿ, ಒಳಗಿನಿಂದ ಸರಿಯಾಗಿ ಬೀಳುವ ಚಿಲಕವಿರಲಿ, ಹೊರಗೆ ರಾತ್ರಿಯೆಲ್ಲ ಉರಿಯುವ ಒಂದು ದೀಪವಿರಲಿ. ಊಟದ ಚೀಟಿಯನ್ನು ಕುಟುಂಬಕ್ಕೊಂದರಂತೆ ಕೊಡದೆ ತಲೆಗೊಂದರಂತೆ ಕೊಡಿ. ಚೀಟಿ ಬರೆಯಲು ಕುಳಿತವರಿಗೆ, ಬಂದವರ ಹೆಸರನ್ನು ಕೇಳಿದರೆ ಸಾಕು, ಮುಂದಿನ ಪ್ರಶ್ನೆ ಬೇಡವೆಂದು ಮೊದಲೇ ಹೇಳಿಡಿ.